ಸಾಫ್ಟ್‌ವೇರ್ ಆಮೇಲೆ ನೋಡೋಣ, ಮೊದಲು ಒಂದು ರೆಕಾರ್ಡರ್ ತಗೊಳ್ಳಿ

ಮಂಡ್ಯದಲ್ಲಿ ಬಿ.ಎಸ್ಸಿ ಮುಗಿಸಿದ್ದೀರಿ, ಕೀಬೋರ್ಡ್ ನುಡಿಸುತ್ತೀರಿ. ಸಿನಿಮಾ, ಸೀರಿಯಲ್‌ಗೆ ಸೌಂಡ್ ಮತ್ತು ಸಂಗೀತ ಮಾಡಿ ಬದುಕಬೇಕು, ಯಾವ ಸಾಫ್ಟ್‌ವೇರ್ ಕೊಳ್ಳಲಿ ಅಂತ ಕೇಳಿದ್ದೀರಿ. ನಾನು ಮೈಸೂರಿನವನು. ಬೂಮ್, ಅಂದರೆ ಉದ್ದ ಕೋಲಿನ ಮೈಕ್, ಹಿಡಿಯುವ ಹುಡುಗನಾಗಿ ಸೇರಿ, ಈಗ ಸೌಂಡ್ ಎಫೆಕ್ಟ್ಸ್, ಹಿನ್ನೆಲೆ ಸಂಗೀತ ಎರಡೂ ಮಾಡುತ್ತೇನೆ. ನಿಮ್ಮ ಹತ್ತಿರ ಇರುವ ದುಡ್ಡಿಗೆ ಒಂದು ಚಿಕ್ಕ ರೆಕಾರ್ಡರ್, ಒಂದು ಒಳ್ಳೆ ಹೆಡ್‌ಫೋನ್ ಸಾಕು.

ನನ್ನ ಮೊದಲ ಸೀರಿಯಲ್ ಶೂಟಿಂಗ್ ಅಗ್ರಹಾರದ ಒಂದು ಹಳೇ ಮನೆಯಲ್ಲಿ ನಡೆಯಿತು. ಅಮ್ಮ, ಮಗಳು ಮಾತಾಡುವ ದೃಶ್ಯ. ಮಾತಿಗಿಂತ ಅವರಿಬ್ಬರೂ ಸುಮ್ಮನೆ ಕೂತಿರುವುದೇ ಜಾಸ್ತಿ. ಮಾತೆಲ್ಲ ಚೆನ್ನಾಗಿ ರೆಕಾರ್ಡ್ ಆಯಿತು. ಪ್ಯಾಕಪ್ ಅಂದ ಕೂಡಲೇ ವೈರ್ ಸುತ್ತಿಬಿಟ್ಟೆ. ಎಡಿಟ್‌ಗೆ ಕೂತಾಗ ತಪ್ಪು ಗೊತ್ತಾಯಿತು. ಯಾರದೋ ಕೆಮ್ಮು, ಕುರ್ಚಿ ಎಳೆದ ಸದ್ದು ಕತ್ತರಿಸಿದ ಕಡೆಯೆಲ್ಲ ಸೌಂಡ್ ಪೂರ್ತಿ ಸತ್ತುಹೋಗುತ್ತಿತ್ತು. ಯಾರೂ ಮಾತಾಡದಿದ್ದರೂ ಮನೆಗೆ ಅದರದ್ದೇ ಒಂದು ಸದ್ದಿರುತ್ತದೆ. ಅದಕ್ಕೆ ರೂಮ್ ಟೋನ್ ಅನ್ನುತ್ತಾರೆ. ಎಲ್ಲರನ್ನೂ ಅರ್ಧ ನಿಮಿಷ ಸುಮ್ಮನಿರಿಸಿ ಅದನ್ನು ಹಿಡಿದಿಟ್ಟುಕೊಂಡಿದ್ದರೆ ಕತ್ತರಿಸಿದ ಜಾಗಕ್ಕೆ ತುಂಬಬಹುದಿತ್ತು. ನಾನು ಹಿಡಿದಿರಲಿಲ್ಲ. ಕೊನೆಗೆ ದೃಶ್ಯದ ಉದ್ದಕ್ಕೂ ಪಿಟೀಲು ಹಾಕಿದರು. ಅಮ್ಮ ಮಗಳ ಮೌನ ಹೋಯಿತು. ಇವತ್ತಿಗೂ ಅದು ನನಗೆ ನೋವಿನ ವಿಷಯ.

ಕಿವಿ ಪಳಗಿಸಲು ನಿಮ್ಮೂರಿಗಿಂತ ಒಳ್ಳೆ ಜಾಗ ಬೇಕಾ? ಆಲೆಮನೆಗೆ ಹೋಗಿ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಮೊದಲು ಸಣ್ಣಗೆ ಸುಯ್‌ಗುಟ್ಟುತ್ತದೆ. ಪಾಕ ಗಟ್ಟಿಯಾದ ಹಾಗೆಲ್ಲ ಗುಳ್ಳೆ ದಪ್ಪವಾಗಿ ಪೊಚ್ ಪೊಚ್ ಅಂತ ಒಡೆಯುತ್ತದೆ. ಕಣ್ಣು ಮುಚ್ಚಿಕೊಂಡೇ ಪಾಕ ಎಲ್ಲಿಗೆ ಬಂತು ಅಂತ ಹೇಳಬಹುದು. ಬರುವಾಗ ಗದ್ದೆಯಿಂದ ಒಂದಷ್ಟು ಒಣ ತರಗು ತನ್ನಿ. ಕಬ್ಬಿನ ಗದ್ದೆಯೊಳಗೆ ಯಾರೋ ಓಡುವ ದೃಶ್ಯ ಹಾಕಿಕೊಂಡು, ಅವರ ಹೆಜ್ಜೆಗೆ ಸರಿಯಾಗಿ ತರಗು ತುಳಿದು, ಉಜ್ಜಿ ಸದ್ದು ಮಾಡಿ ನೋಡಿ. ಇದೇ ಫೋಲಿ. ಹಾಲಿವುಡ್‌ನಲ್ಲಿ ಈ ಕೆಲಸ ಮಾಡುತ್ತಿದ್ದ ಜ್ಯಾಕ್ ಫೋಲಿಯಿಂದ ಬಂದ ಹೆಸರು. ರೆಕಾರ್ಡರ್ ಸೆಟ್ಟಿಂಗ್‌ನಲ್ಲಿ 48 ಕಿಲೋಹರ್ಟ್ಸ್, 24 ಬಿಟ್ ಇಟ್ಟು ರೆಕಾರ್ಡ್ ಮಾಡಿ, ಸಿನಿಮಾ ಟಿವಿ ಎರಡಕ್ಕೂ ನಡೆಯುತ್ತದೆ. ಎಂಪಿ3 ಬೇಡ.

ಸಂಗೀತದ ವಿಷಯಕ್ಕೆ ಬಂದರೆ, ಯಾವುದಾದರೂ ನಾಟಕ ತಂಡದ ಜೊತೆ ಕೂತು ನುಡಿಸಿ. 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ರಂಗಾಯಣ ನಾಟಕ ಸಂಸ್ಥೆ ಶುರುವಾದ ಊರು ನಮ್ಮದು, ತಂಡಗಳಿಗೇನೂ ಬರವಿಲ್ಲ. ನಟ ಒಂದು ಉಸಿರು ಜಾಸ್ತಿ ತಗೊಂಡರೆ ನಿಮ್ಮ ಬೆರಳೂ ಕಾಯಬೇಕು. ಇದು ಕೀಬೋರ್ಡ್ ಕ್ಲಾಸಿನಲ್ಲಿ ಬರುವುದಿಲ್ಲ.

ಓದಿ ಕಲಿಯುವುದಾದರೆ ಪುಣೆಯ ಎಫ್‌ಟಿಐಐ, ಕೋಲ್ಕತ್ತದ ಸತ್ಯಜಿತ್ ರೇ ಸಂಸ್ಥೆ ಅಂತ ಸಿನಿಮಾ ಶಾಲೆಗಳಿವೆ. 2009ರಲ್ಲಿ ಸೌಂಡ್ ಮಿಕ್ಸಿಂಗ್‌ಗೆ ಆಸ್ಕರ್ ಪಡೆದ ರಸೂಲ್ ಪೂಕುಟ್ಟಿ ಪುಣೆಯಲ್ಲೇ ಓದಿದವರು.

ದುಡ್ಡಿನ ಮಾತು ಮುಜುಗರ ಅಂತ ಬಿಡಬೇಡಿ. 2012ರ ಕಾಪಿರೈಟ್ ಕಾನೂನು ತಿದ್ದುಪಡಿಯ ಪ್ರಕಾರ, ಸಿನಿಮಾಗೆ ಮಾಡಿದ ಸಂಗೀತ ಥಿಯೇಟರ್ ಬಿಟ್ಟು ಬೇರೆ ಕಡೆ ಬಳಕೆಯಾದಾಗ ರಾಯಲ್ಟಿಯಲ್ಲಿ, ಅಂದರೆ ಬಳಕೆಗೆ ಬರುವ ಹಣದಲ್ಲಿ, ಸಂಗೀತ ಸಂಯೋಜಿಸಿದವರಿಗೂ ಪಾಲಿದೆ. ಆ ಪಾಲನ್ನು ನಿರ್ಮಾಪಕರಿಗೆ ಬರೆದುಕೊಡಲು ಬರುವುದಿಲ್ಲ. ಎಫೆಕ್ಟ್ಸ್ ಮಾಡಿದವರಿಗೆ ಈ ಪಾಲು ಇಲ್ಲ, ಆದ್ದರಿಂದ ಆ ಕೆಲಸದ ಸಂಭಾವನೆ ಮೊದಲೇ ಮಾತಾಡಿಕೊಳ್ಳಿ.

ಆಲೆಮನೆಗೆ ಹೋದಾಗ ಯಜಮಾನರನ್ನು ಕೇಳಿಯೇ ರೆಕಾರ್ಡ್ ಮಾಡಿ. ಗಾಣ ನಿಲ್ಲಿಸಿ ಎಲ್ಲರೂ ಊಟಕ್ಕೆ ಏಳುತ್ತಾರಲ್ಲ, ಆಗ ರೆಕಾರ್ಡರ್ ಆಫ್ ಮಾಡಬೇಡಿ. ಇನ್ನೊಂದು ನಿಮಿಷ ಓಡಲಿ.