ಹೈಕೋರ್ಟಲ್ಲಿ ಸೋತ ಜಮೀನು ಕೇಸನ್ನು ಸುಪ್ರೀಂ ಕೋರ್ಟ್ ಮತ್ತೆ ಕೇಳುತ್ತಾ? ದೊಡ್ಡ ವಕೀಲರನ್ನು ಹಿಡಿದರೆ ಅಪೀಲು ತಗೋತಾರಾ?

ನಮ್ಮಪ್ಪನೇ ಎದುರು ಕೂತು ಕೇಳಿದ ಹಾಗಾಯ್ತು. ಮಂಡ್ಯದಲ್ಲಿ ಸೋತಾಗಲೂ ಬೆಂಗಳೂರಲ್ಲಿ ಸೋತಾಗಲೂ ಅವರು ಹೇಳಿದ್ದು ಇದನ್ನೇ: "ದೆಹಲೀಲಿ ಎಲ್ಲಾ ಬಿಚ್ಚಿ ಹೇಳೋಣ ಬಿಡು."

ನಮ್ಮದು ನಾಲೆ ಬಯಲಿನ ಎರಡೆಕರೆ ಗದ್ದೆ. ದೊಡ್ಡಪ್ಪನ ಮಕ್ಕಳು ಪಾಲು ಕೇಳಿ ದಾವಾ ಹಾಕಿದರು. ಪಾಲು ಎಂದೋ ಆಗಿತ್ತು. ಊರ ಯಜಮಾನರು ಕೂತು ಬರೆಸಿದ ಪಾಲುಪಟ್ಟಿ, ಅಜ್ಜಿಯ ಸೀರೆ ತುಂಡಲ್ಲಿ ಸುತ್ತಿ ಟ್ರಂಕಿನ ತಳದಲ್ಲಿತ್ತು. ದೊಡ್ಡಪ್ಪನ ಹೆಬ್ಬೆಟ್ಟು ಮಸಿ ಹರಡಿ ಕಪ್ಪಗೆ ಕೂತಿತ್ತು. ಮಂಡ್ಯದ ವಕೀಲರು "ಬೇರೆ ಕಾಗದ ಏನಾದ್ರೂ ಇದ್ಯಾ?" ಅಂದಾಗ ಅಪ್ಪ ನನ್ನ ಮುಖ ನೋಡಿದರು. ಒರಿಜಿನಲ್ಲು ಕೋರ್ಟು ಸೇರಿದರೆ ವಾಪಸ್ ಬರಲ್ಲ ಅನ್ನೋ ಭಯ ಅವರಿಗೆ. ಮನೇಲಿ ಓದಿದವನು ನಾನೊಬ್ಬನೇ. ನಾನೇ "ಇಲ್ಲ ಸಾರ್" ಅಂದೆ.

ಜಮೀನು ಹೋಗಿದ್ದು ಆ ಮಾತಿನಿಂದ. ಸಾಕ್ಷಿ, ಕಾಗದ ಎಲ್ಲಾ ನೋಡೋದು ಕೆಳಗಿನ ಕೋರ್ಟು. ಮೊದಲ ಅಪೀಲಲ್ಲಿ ಹೊಸ ದಾಖಲೆ ಕೊಡೋಕೆ ಸಿಪಿಸಿ (ಸಿವಿಲ್ ಕೇಸು ನಡೆಸೋ ವಿಧಾನದ ಕಾನೂನು) 41ನೇ ಆದೇಶದ 27ನೇ ನಿಯಮ ಅಂತ ಒಂದು ಕಿಂಡಿ ಇದೆ. ಮೊದಲೇ ಯಾಕೆ ಕೊಡಲಿಲ್ಲ ಅಂತ ಒಪ್ಪಿಸಬೇಕು. ನಾವು ಆಗಲೂ ಸುಮ್ಮನಿದ್ದೆವು. ಹೈಕೋರ್ಟಿನ ಎರಡನೇ ಅಪೀಲು ನಡೆಯೋದು ಕಾನೂನಿನ ಮಹತ್ವದ ಪ್ರಶ್ನೆ ಮೇಲೆ ಮಾತ್ರ. ಹೀಗೆ ಪ್ರತಿ ಮೆಟ್ಟಿಲಲ್ಲೂ ಬಾಗಿಲು ಕಿರಿದಾಗುತ್ತೆ. ನಾವು ಹಿಗ್ಗುತ್ತೆ ಅಂದುಕೊಂಡಿದ್ದೆವು.

ದೆಹಲಿಯಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ. ವಕೀಲರು ಪಾಲುಪಟ್ಟಿ ಅನ್ನುತ್ತಿದ್ದ ಹಾಗೇ, ಕೆಳಗೆ ಹಾಜರುಪಡಿಸಿದ್ದೀರಾ ಅಂತ ಕೇಳಿದರು. ಇಲ್ಲ. ಮೂರೂ ಕೋರ್ಟು ಒಂದೇ ಮಾತು ಹೇಳಿವೆ ಅಂದರು. ವಜಾ. ಹಿಂದೆ ಕೂತಿದ್ದ ಅಪ್ಪ ಕಾಗದ ತೆಗೆಯೋಕೆ ಅಂಗಿ ಜೇಬಿಗೆ ಕೈ ಹಾಕಿದ್ದರು ಅಷ್ಟೇ, ಮುಂದಿನ ಕೇಸು ಶುರುವಾಗಿತ್ತು.

ಅದಕ್ಕೇ ಹೇಳ್ತೀನಿ, "ಅಪೀಲು ತಗೋತಾರಾ" ಅನ್ನೋ ಲೆಕ್ಕವೇ ತಪ್ಪು. ಸಂವಿಧಾನದ 136ನೇ ವಿಧಿಯಲ್ಲಿ ನೀವು ಕೇಳೋದು ವಿಶೇಷ ಅನುಮತಿ, ವಕೀಲರ ಬಾಯಲ್ಲಿ ಎಸ್‌ಎಲ್‌ಪಿ. ಅನುಮತಿ ಸಿಕ್ಕ ಮೇಲೇ ಅದು ಅಪೀಲಾಗೋದು. ಅದು ನಿಮ್ಮ ಹಕ್ಕಲ್ಲ, ಸುಪ್ರೀಂ ಕೋರ್ಟಿನ ವಿವೇಚನೆ. ಅಪರೂಪದ ಪ್ರಕರಣಕ್ಕಷ್ಟೇ ಈ ಅಧಿಕಾರ ಅಂತ 1950ರ ಪ್ರೀತಂ ಸಿಂಗ್ ಪ್ರಕರಣದಲ್ಲೇ ಹೇಳಿದ್ದಾರೆ. ಎಲ್ಲರಿಗೂ ತಟ್ಟೋ ಕಾನೂನಿನ ಪ್ರಶ್ನೆ, ಹೈಕೋರ್ಟುಗಳ ನಡುವೆ ಭಿನ್ನ ತೀರ್ಪು, ಕಣ್ಣಿಗೆ ರಾಚೋ ಅನ್ಯಾಯ, ಇಂಥದ್ದಿದ್ದರೆ ನೋಡ್ತಾರೆ. ಯಾವ ಸಾಕ್ಷಿ ಸುಳ್ಳು ಹೇಳಿದ ಅಂತ ಸಾಮಾನ್ಯವಾಗಿ ಮತ್ತೆ ತೂಗಲ್ಲ. ಒಂದೇ ಸಾಲಲ್ಲಿ ವಜಾ ಆದರೆ ಹೈಕೋರ್ಟ್ ತೀರ್ಪನ್ನು ಎತ್ತಿಹಿಡಿದ ಹಾಗಲ್ಲ, ಅನುಮತಿ ಕೊಡಲಿಲ್ಲ ಅಷ್ಟೇ. ಇದು ಸುಪ್ರೀಂ ಕೋರ್ಟಿನದೇ 2000ದ ಕುನ್ಹಯಮ್ಮದ್ ತೀರ್ಪು. ಅಪ್ಪನಿಗೆ ಇದನ್ನು ಹೇಳಿದೆ, ಅವರು ಮಾತಾಡಲಿಲ್ಲ.

ದೊಡ್ಡ ವಕೀಲರಿಗೆ ಅಂತ ಗದ್ದೆ ಅಡ ಇಡಬೇಡಿ. ಹೈಕೋರ್ಟ್ ತೀರ್ಪಿನಿಂದ 90 ದಿನ ಟೈಮಿದೆ. ಮೊದಲು ಕಾನೂನು ನೆರವು ಕೊಡೋ ನಿಮ್ಮ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಕೇಳಿ. ಕೆಳಗಿನ ಕೋರ್ಟಿನ ತೀರ್ಪಿನ ಕೊನೇಲಿ ದಾಖಲೆಗಳ ಪಟ್ಟಿ ಇರುತ್ತೆ. ನೀವು ನೆಚ್ಚಿಕೊಂಡಿರೋ ಕಾಗದಕ್ಕೆ ಅಲ್ಲಿ ಕೋರ್ಟು ಕೊಟ್ಟ ನಿಶಾನೆ (ಎಕ್ಸಿಬಿಟ್) ನಂಬರ್ ಇದೆಯಾ ಇವತ್ತೇ ನೋಡಿ. ಇಲ್ಲದಿದ್ದರೆ ದೆಹಲಿ ಟಿಕೆಟ್ ತೆಗೀಬೇಡಿ.