ಕ್ರೈಸ್ತರಲ್ಲದವರು ಚರ್ಚಿನ ಆರಾಧನೆಗೆ ಹೋಗಬಹುದೇ? ಸಭೆಯ ಒಳಗಿನ ಬದುಕು ಹೇಗಿರುತ್ತದೆ?

ಮಂಗಳೂರಿಗೆ ಹೊಸದಾಗಿ ವರ್ಗವಾಗಿ ಬಂದಿರುವ ನಿಮ್ಮನ್ನು ಸಹೋದ್ಯೋಗಿಯೊಬ್ಬರು ತಮ್ಮ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ದಕ್ಷಿಣ ಭಾರತ ಸಭೆ) ದೇವಾಲಯದ ಭಾನುವಾರದ ಆರಾಧನೆಗೆ ಕರೆದಿದ್ದಾರೆ, ನೀವು ಕ್ರೈಸ್ತರಲ್ಲ. ಹೋದರೆ ಅಲ್ಲಿಯವರು ಹೇಗೆ ನಡೆಸಿಕೊಂಡಾರು, ಮತಾಂತರದ ಮಾತು ತೆಗೆದಾರೇ, ‘ಎಲ್ಲರಿಗೂ ಸ್ವಾಗತ’ ಎಂದು ಗೇಟಿನ ಬಳಿ ಬರೆದಿರುವುದು ನಿಜವೇ ಅಥವಾ ಬರಿಯ ಬೋರ್ಡೇ ಎಂದು ಕೇಳಿದ್ದೀರಿ. ಧಾರಾಳವಾಗಿ ಹೋಗಿ. ಮತ ವಿಚಾರಿಸಿ ಒಳಗೆ ಬಿಡುವ ಪದ್ಧತಿ ನಮ್ಮಲ್ಲಿ ಇಲ್ಲ. ಆದರೆ ಬೋರ್ಡಿನ ವಿಷಯಕ್ಕೆ ಅಷ್ಟು ಚಿಕ್ಕದಾಗಿ ಉತ್ತರಿಸಲಾಗುವುದಿಲ್ಲ. ನಾನೂ ಈ ಊರಿಗೆ ಹೊರಗಿನಿಂದ ಬಂದವನಾದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಗದಗ-ಬೆಟಗೇರಿಯಲ್ಲಿ. 2009ರಲ್ಲಿ ಕೆಲಸದ ನಿಮಿತ್ತ ಮಂಗಳೂರಿಗೆ ಬಂದಾಗಿನಿಂದ ಇಲ್ಲಿಯ ಹಳೆಯ ಸಭೆಯೊಂದರ ಸದಸ್ಯನಾಗಿದ್ದೇನೆ. ಇಲ್ಲಿ ಒಂದು ಪದವನ್ನು ಮೊದಲೇ ಬಿಡಿಸಿ ಹೇಳಬೇಕು: ಕಟ್ಟಡಕ್ಕೆ ನಾವು ದೇವಾಲಯ ಎನ್ನುತ್ತೇವೆ, ಅದರಲ್ಲಿ ಕೂಡುವ ಜನರಿಗೆ ಸಭೆ ಎನ್ನುತ್ತೇವೆ, ಆದ್ದರಿಂದ ‘ನೀವು ಯಾವ ಸಭೆ?’ ಎಂದು ಯಾರಾದರೂ ಕೇಳಿದರೆ ಅದು ಮೀಟಿಂಗಿನ ವಿಚಾರವಲ್ಲ. ಮಂಗಳೂರಿನ ಕ್ರೈಸ್ತರು ಎಂದೊಡನೆ ಕೊಂಕಣಿ ಮಾತಾಡುವ ಕಥೋಲಿಕರು ನೆನಪಾಗುವುದು ಸಹಜ. ನಿಮ್ಮನ್ನು ಕರೆದವರು ಪ್ರೊಟೆಸ್ಟೆಂಟರು. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದ ಬೇರೆ ಬೇರೆ ಪಂಗಡಗಳು ಕೂಡಿ ಆದ ದಕ್ಷಿಣ ಭಾರತ ಸಭೆಗೆ ಸೇರಿದವರು. ಆದರೆ ಕರಾವಳಿಯ ಈ ಸಭೆಗಳ ಬೇರು ಅದಕ್ಕಿಂತ ಹಳೆಯದು, 1834ರಲ್ಲಿ ಮಂಗಳೂರಿಗೆ ಬಂದ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಪ್ರಚಾರಕ ಸಂಸ್ಥೆಯದು.

ಈ ಹಿನ್ನೆಲೆಯನ್ನು ತಿಳಿಯದಿದ್ದರೆ ಇಲ್ಲಿಯವರ ಆದರವೂ ಅರ್ಥವಾಗುವುದಿಲ್ಲ, ಬಿಗುಮಾನವೂ ಅರ್ಥವಾಗುವುದಿಲ್ಲ. ಆ ಕಾಲದಲ್ಲಿ ದೀಕ್ಷಾಸ್ನಾನ (ಕ್ರೈಸ್ತರಾಗುವ ಸಂಸ್ಕಾರ, ಬ್ಯಾಪ್ಟಿಸಮ್) ಪಡೆದವರಿಗೆ ಮನೆ, ಜಮೀನು, ಜಾತಿಯ ಕಸುಬು ಎಲ್ಲವೂ ಒಂದೇ ದಿನದಲ್ಲಿ ತಪ್ಪಿಹೋಗುವ ಸಂಭವವಿತ್ತು. 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ವಿದ್ಯಾರ್ಥಿ ದೀಕ್ಷೆ ಪಡೆದಾಗ ಊರೇ ಅಲ್ಲೋಲಕಲ್ಲೋಲವಾಯಿತು. ಹೆಸರು ಉಳಿಯದ ಬಡ ಕುಟುಂಬಗಳ ಪಾಡು ಹೇಗಿದ್ದೀತು ಎಂಬುದನ್ನು ಊಹಿಸಿಕೊಳ್ಳಬಹುದು. ಅಂಥವರ ಹೊಟ್ಟೆಪಾಡಿಗೆಂದೇ ಮಿಶನ್ನು ನೇಯ್ಗೆ, ಮುದ್ರಣ, ಹಂಚಿನ ಕೆಲಸಗಳನ್ನು ಹೂಡಿತು. ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ; ಆ ಇಸವಿಯ ಅಚ್ಚಿರುವ ಹಂಚುಗಳು ಹಳೆಯ ಮಾಡುಗಳ ಮೇಲೆ ಈಗಲೂ ಸಿಗುತ್ತವೆ. ಹೀಗೆ ಮನೆ ಕಳೆದುಕೊಂಡವರೇ ಸೇರಿ ಒಂದು ಮನೆಯಾದದ್ದರಿಂದ ಆಶ್ರಯ ಕೊಡುವುದು ಈ ಜನರಿಗೆ ಹೇಳಿಕೊಡದೆ ಬಂದ ಗುಣ. ಅದೇ ಕಾರಣಕ್ಕೆ ನಾಲ್ಕೈದು ತಲೆಮಾರುಗಳಿಂದ ತಮ್ಮತಮ್ಮಲ್ಲೇ ಸಂಬಂಧ ಬೆಳೆಸಿ, ಹೆಸರಿನ ಕೊನೆಯ ತುಣುಕು ಕೇಳಿದರೆ ಸಾಕು ಅಜ್ಜನ ಮನೆಯ ಬಾವಿ ಎಲ್ಲಿತ್ತೆಂದು ಹೇಳಬಲ್ಲಷ್ಟು ಒಬ್ಬರಿಗೊಬ್ಬರು ಪರಿಚಿತರಾಗಿದ್ದಾರೆ. ನೀವು ಹೋದಾಗ ಯಾರಾದರೂ ಹಿರಿಯರು ‘ನೀವು ಯಾರ ಪೈಕಿ?’ ಎಂದು ಕೇಳಿದರೆ ತಪ್ಪು ತಿಳಿಯಬೇಡಿ. ಅದು ಅವರ ಅಕ್ಕರೆಯ ಭಾಷೆ; ಪೈಕಿಯೇ ಇಲ್ಲದವನಿಗೆ ಮಾತ್ರ ಅದು ಗೋಡೆಯಂತೆ ಕಾಣುತ್ತದೆ.

ನನಗೆ ಕಂಡದ್ದು ಹಾಗೆಯೇ. ಆರಾಧನೆ ಕನ್ನಡದಲ್ಲಿ, ಬೈಬಲ್ಲು ಕನ್ನಡದಲ್ಲಿ, ಬೆಟಗೇರಿಯಲ್ಲಿ ಹಾಡುತ್ತಿದ್ದ ಸಂಗೀತಗಳೇ ಇಲ್ಲಿಯೂ. ಜರ್ಮನ್ ರಾಗಗಳಿಗೆ ಕೂರಿಸಿದ ಹಳೆಗಾಲದ ಕನ್ನಡ ಸಾಹಿತ್ಯವನ್ನು ಇಲ್ಲಿಯವರು ನಾಲ್ಕು ದನಿಗಳಲ್ಲಿ ಎಷ್ಟು ಸೊಗಸಾಗಿ ಹಾಡುತ್ತಾರೆಂದರೆ ಮೊದಲ ದಿನ ನಾನು ಬಾಯಿ ಮುಚ್ಚಿ ಕೇಳುತ್ತ ನಿಂತುಬಿಟ್ಟೆ. ಆದರೆ ಆಶೀರ್ವಾದ ಮುಗಿದು ಅಂಗಳಕ್ಕೆ ಇಳಿದ ಕ್ಷಣಕ್ಕೆ ಎಲ್ಲರೂ ತುಳುವಿಗೆ ಹೊರಳಿಕೊಂಡರು. ಮನೆಮಾತು ತುಳು, ದೇವರ ಮಾತು ಕನ್ನಡ ಎಂಬುದು ಇಲ್ಲಿಯ ಕ್ರಮ. ನಗು, ಕೈಕುಲುಕುವುದು, ಚಹಾ ಎಲ್ಲವೂ ಇದ್ದವು. ನಾನು ಮಾತ್ರ ಸುಮಾರು ಆರು ತಿಂಗಳು ಒಳಗೆ ಮನೆಯವನಾಗಿ, ಹೊರಗೆ ನೆಂಟನಾಗಿ ಕಳೆದೆ.

ಅದು ಬದಲಾದ ಬಗೆಯನ್ನು ಹೇಳಲು ನಮ್ಮ ಆರಾಧನಾ ಕ್ರಮದ ಒಂದು ಭಾಗವನ್ನು ವಿವರಿಸಬೇಕು. ಕರ್ತನ ಭೋಜನದ (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಸಂಸ್ಕಾರದ) ಆರಾಧನೆಯಲ್ಲಿ, ಕಾಣಿಕೆಗೆ ಮುಂಚೆ, ಸಮಾಧಾನವನ್ನು, ಅಂದರೆ ಶಾಂತಿಯ ಹಾರೈಕೆಯನ್ನು, ಕೈಯಿಂದ ಕೈಗೆ ದಾಟಿಸುವ ಪದ್ಧತಿಯಿದೆ. 1950ರಲ್ಲಿ ಬಳಕೆಗೆ ಬಂದ ಸಿ.ಎಸ್.ಐ. ಆರಾಧನಾ ಕ್ರಮದಲ್ಲೇ ಇದು ಸೇರಿದೆ. ಕೊಡುವವರು ತಮ್ಮ ಬಲ ಅಂಗೈಯನ್ನು ಪಡೆಯುವವರ ಬಲ ಅಂಗೈಗೆ ಇಡುತ್ತಾರೆ, ಇಬ್ಬರೂ ಎಡಗೈಯಿಂದ ಎದುರಿನವರ ಬಲಗೈಯನ್ನು ಮುಚ್ಚುತ್ತಾರೆ. ಸಭಾಪಾಲಕರಿಂದ (ಪಾದ್ರಿಗಳಿಂದ) ಹೊರಟ ಸಮಾಧಾನ ಮೊದಲ ಬೆಂಚಿಗೆ ಬಂದು, ಒಬ್ಬರಿಂದೊಬ್ಬರಿಗೆ ದಾಟುತ್ತ ಕೊನೆಯ ಬೆಂಚಿನವರೆಗೆ ಹೋಗುತ್ತದೆ. ನನಗೆ ಅದು ಪ್ರತಿ ಸಲವೂ ಒಬ್ಬ ಅಜ್ಜಿಯಿಂದ ಬರುತ್ತಿತ್ತು. ಬೀಡಿ ಕಟ್ಟಿ ಸಂಸಾರ ಸಾಗಿಸಿದವರು. ಬೆರಳ ತುದಿಗಳು ಒರಟಾಗಿ ಕಂದಿದ್ದವು, ಭಾನುವಾರ ಎಷ್ಟೇ ಸೋಪು ಹಚ್ಚಿ ತೊಳೆದಿದ್ದರೂ ಅಂಗೈಯಲ್ಲಿ ಹೊಗೆಸೊಪ್ಪಿನ ವಾಸನೆ ಸಣ್ಣಗೆ ಉಳಿದಿರುತ್ತಿತ್ತು. ಒಂದು ದಿನ ಕೈ ಬಿಡುವ ಮೊದಲೇ ‘ಒಣಸ್ ಆಂಡಾ ಮಗಾ?’ ಎಂದರು. ಬೆಳಗಿನ 9 ಗಂಟೆಗೆ, ಅದೂ ಆರಾಧನೆಯ ನಡುವೆ, ಊಟವಾಯಿತೇ ಎಂದು ಕೇಳುವುದು ಹೇಗೋ ನನಗೆ ತಿಳಿಯಲಿಲ್ಲ. ಒಂಟಿಯಾಗಿ ಹೋಟೆಲಿನಲ್ಲಿ ಉಣ್ಣುವವನೆಂದು ಅವರಿಗೆ ಯಾರೋ ಹೇಳಿದ್ದರಂತೆ. ಅಂದು ಮಧ್ಯಾಹ್ನ ಅವರ ಮನೆಯಲ್ಲಿ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಉಂಡೆ, ತುಳುವಿನ ಮೊದಲ ಹತ್ತು ಪದಗಳನ್ನು ಕಲಿತೆ.

ಆದರೂ ನಾನು ನಿಜವಾಗಿ ಸಭೆಯವನಾದದ್ದು ಊಟದಿಂದಲ್ಲ, ಕೆಲಸದಿಂದ. ಸುಗ್ಗಿ ಹಬ್ಬದಲ್ಲಿ ಜನರು ತಂದೊಪ್ಪಿಸುವ ತೆಂಗಿನಕಾಯಿ, ಕುಂಬಳಕಾಯಿ, ಬಾಳೆಗೊನೆ, ಊರಕೋಳಿ, ಉಪ್ಪಿನಕಾಯಿ ಭರಣಿಗಳನ್ನು ಆರಾಧನೆಯ ನಂತರ ಅಂಗಳದಲ್ಲಿ ಏಲಂ ಹಾಕುತ್ತೇವೆ. ಎರಡನೆಯ ವರ್ಷ, ಏಲಂ ಕೂಗುವವರ ಪಕ್ಕದಲ್ಲಿ ಕುಳಿತು ಲೆಕ್ಕ ಬರೆಯುವ ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. ಒಂದು ಸಾಧಾರಣ ಕುಂಬಳಕಾಯಿಯನ್ನು ಒಬ್ಬರು ಕೊಂಡು ‘ಇದೂ ದೇವರಿಗೇ’ ಎಂದು ಮರಳಿಸಿದರು, ಮತ್ತೊಬ್ಬರು ಕೊಂಡು ಮರಳಿಸಿದರು, ಹೀಗೆ ಐದು ಸಲ ಮಾರಾಟವಾಯಿತು. ಆರನೆಯ ಸಲಕ್ಕೆ ಅದನ್ನು ಯಾರೂ ಕೊಳ್ಳದೆ ನಾನೇ ಮನೆಗೆ ಹೊರಬೇಕಾಯಿತು. ತಪ್ಪಿಲ್ಲದೆ ಲೆಕ್ಕ ಒಪ್ಪಿಸಿದ ಮೇಲೆ ನನ್ನನ್ನು ಯಾರೂ ‘ಗದಗಿನವರು’ ಎಂದು ಕರೆಯಲಿಲ್ಲ. ಸತ್ಕಾರ ಸ್ವೀಕರಿಸುವವನು ಎಷ್ಟು ದಿನವಾದರೂ ಅತಿಥಿಯೇ. ಬೆಂಚು ಎತ್ತಿಡು ಎಂದು ಗದರುವ ಸಲುಗೆ ಬಂದ ಮೇಲೆಯೇ ಮನೆಯವನು. ನಿಮ್ಮ ‘ಬೋರ್ಡು ನಿಜವೇ’ ಎಂಬ ಪ್ರಶ್ನೆಗೆ ನನ್ನ ಉತ್ತರ ಇದೇ.

ನಂಬಿಕೆಯ ವಿಚಾರವನ್ನೂ ಕೇಳಿದ್ದೀರಿ. ನನ್ನ ತಮ್ಮನಿಗೆ ಮೂತ್ರಪಿಂಡಗಳು ಕೈಕೊಟ್ಟಾಗ ಅವನನ್ನು ಚಿಕಿತ್ಸೆಗೆಂದು ಮಂಗಳೂರಿಗೆ ಕರೆತಂದೆ. ವಾರಕ್ಕೆ 3 ಸಲ ಡಯಾಲಿಸಿಸ್, ಪ್ರತಿ ಸಲ ಸುಮಾರು 4 ಗಂಟೆ, ನನಗೋ ಅಷ್ಟು ರಜೆ ಇಲ್ಲ. ‘ಪ್ರಾರ್ಥನೆ ಮಾಡುತ್ತೇವೆ’ ಎಂದು ಎಲ್ಲರೂ ಹೇಳಿದರು, ನಿಜ ಹೇಳಬೇಕೆಂದರೆ ಆ ಮಾತು ನನಗೆ ಸಾಕಾಗಿಹೋಗಿತ್ತು. ಆದರೆ ಬುಧವಾರದ ಮನೆ ಪ್ರಾರ್ಥನೆಯ ಕೊನೆಯಲ್ಲಿ ಒಬ್ಬ ನಿವೃತ್ತ ಶಿಕ್ಷಕಿ ನೋಟ್‌ಬುಕ್ಕಿನ ಹಾಳೆ ಹರಿದು ಮೂರು ಕಾಲಂ ಗೆರೆ ಎಳೆದರು: ವಾರ, ಜೊತೆಗೆ ಹೋಗುವವರು, ಬುತ್ತಿ ಕಟ್ಟುವವರು. ಆ ಹಾಳೆ 14 ತಿಂಗಳು ನಮ್ಮ ಫ್ರಿಜ್ಜಿನ ಮೇಲಿತ್ತು. ಹಾಳೆ ಬದಲಾಗುತ್ತಿತ್ತು, ಹೆಸರುಗಳು ತಪ್ಪುತ್ತಿರಲಿಲ್ಲ. ತಮ್ಮ ಗುಣವಾಗಲಿಲ್ಲ. ಅವನು ತೀರಿಕೊಂಡ ಮೇಲೆ ಕೆಲವು ತಿಂಗಳು ವಿಶ್ವಾಸ ಪ್ರಮಾಣವನ್ನು (ನಾವು ಏನನ್ನು ನಂಬುತ್ತೇವೆಂದು ಎಲ್ಲರೂ ಕೂಡಿ ಹೇಳುವ ಮಾತುಗಳನ್ನು) ಹೇಳುವಾಗ ನನ್ನ ಬಾಯಿಂದ ಮಾತು ಹೊರಡುತ್ತಿರಲಿಲ್ಲ. ಸುಮ್ಮನೆ ನಿಲ್ಲುತ್ತಿದ್ದೆ, ಅಕ್ಕಪಕ್ಕದವರು ಹೇಳುತ್ತಿದ್ದರು. ಯಾಕೆ ಹೇಳಲಿಲ್ಲವೆಂದು ಯಾರೂ ಕೇಳಲಿಲ್ಲ, ದೇವರ ಚಿತ್ತ ಹೀಗೆ ಎಂದು ವಿವರಿಸಲೂ ಬರಲಿಲ್ಲ, ಒಬ್ಬರ ಹೊರತು. ಅವರನ್ನು ಸಭಾಪಾಲಕರೇ ಮೆಲ್ಲಗೆ ಕರೆದುಕೊಂಡು ಹೋದರು. ಕನ್ನಡ ಬೈಬಲ್ಲು ದೇವರನ್ನು ಕುರುಬನೆಂದು ಕರೆಯುತ್ತದೆ. ಕುರಿಹಿಂಡುಗಳ ಸೀಮೆಯಿಂದ ಬಂದ ನನಗೆ ಅದು ಚಿತ್ರಪಟದ ಮಾತಲ್ಲ: ಕುಂಟುವ ಮರಿಯನ್ನು ಕಂಬಳಿಯೊಳಗೆ ಹಾಕಿಕೊಂಡು ನಡೆಯುವವರನ್ನು ನೋಡಿದ್ದೇನೆ. ನನ್ನ ನಂಬಿಕೆ ಸದ್ಯಕ್ಕೆ ಆ ಮರಿಯಷ್ಟೇ ಇದೆ, ಅದು ನಡೆಯುವುದಕ್ಕಿಂತ ಹೊರಿಸಿಕೊಳ್ಳುವುದೇ ಹೆಚ್ಚು.

ಇಷ್ಟು ಓದಿ ಇದು ಸ್ವರ್ಗವೆಂದು ತಿಳಿಯಬೇಡಿ. ಮದುವೆಯ ಮಾತು ಬಂದಾಗ ಹಳೆಯ ಜಾತಿಗಳು ಎಲ್ಲೋ ಮೂಲೆಯಿಂದ ಎದ್ದು ಬರುವುದನ್ನು ಕಂಡಿದ್ದೇನೆ. ನಾನು ಮೊದಲಿದ್ದ ಇನ್ನೊಂದು ಸಭೆಯಲ್ಲಿ, ಹೆಸರು ಬೇಡ, ಸಮಿತಿಯ ಚುನಾವಣೆ ಜಗಳಕ್ಕೆ ತಿರುಗಿ, ಎರಡು ಗುಂಪಿನವರು ನಡುದಾರಿಯ ಆಚೆಗೊಂದು ಈಚೆಗೊಂದು ಕುಳಿತುಕೊಳ್ಳತೊಡಗಿದರು. ಸಮಾಧಾನ ಕೊಡುವ ಹೊತ್ತಿಗೆ ಕೈಗಳು ಆ ದಾರಿಯ ಅಂಚಿನವರೆಗೆ ಬಂದು ನಿಂತುಬಿಡುತ್ತಿದ್ದವು. ಮೂರು ಅಡಿ ಅಗಲದ ದಾರಿ. ಸುಮಾರು ಎರಡು ವರ್ಷ ಅದನ್ನು ಸಂಡೇ ಸ್ಕೂಲಿನ ಮಕ್ಕಳ ಹೊರತು ಯಾರೂ ದಾಟಲಿಲ್ಲ.

ಇನ್ನು ನೀವು ತಿಳಿದಿರಬೇಕಾದ ಕೆಲವು ವಿಷಯಗಳು. ಮತಾಂತರದ ಒತ್ತಡ ಬಂದೀತೆಂಬ ಭಯ ಬೇಡ; ಪ್ರಾಯಕ್ಕೆ ಬಂದವರು ತಾವಾಗಿ ಕೇಳಿಕೊಂಡರೂ ಬೋಧನೆ ಮುಗಿಯದೆ ದೀಕ್ಷಾಸ್ನಾನ ಕೊಡುವುದಿಲ್ಲ. ಉತ್ಸಾಹಿಯೊಬ್ಬರು ಕರಪತ್ರ ಕೊಟ್ಟಾರು, ಬೇಡವೆಂದರೆ ಬೇಸರಿಸುವುದಿಲ್ಲ. ಚಪ್ಪಲಿ ಬಿಡಬೇಕೇ ಬೇಡವೇ ಎಂಬುದು ಒಂದೊಂದು ಕಡೆ ಒಂದೊಂದು ರೀತಿ. ಮುಂದಿರುವವರನ್ನು ನೋಡಿ ಮಾಡಿ. ಕಾಣಿಕೆಯ ಚೀಲ ಬಂದಾಗ ಹಾಕದೆ ಪಕ್ಕಕ್ಕೆ ದಾಟಿಸಿದರೆ ಯಾರೂ ಗಮನಿಸುವುದಿಲ್ಲ. ರೊಟ್ಟಿ, ದ್ರಾಕ್ಷಾರಸದ ಸಂಸ್ಕಾರ ದೀಕ್ಷೆ ಪಡೆದವರಿಗಾಗಿ ಇರುವುದರಿಂದ ಆಗ ಬೆಂಚಿನಲ್ಲೇ ಕುಳಿತಿರಿ. ಪೀಠದ ಬಳಿ ಸಭಾಪಾಲಕಿಯನ್ನು ಕಂಡರೆ ಅಚ್ಚರಿಪಡಬೇಡಿ, ಸಿ.ಎಸ್.ಐ.ಯಲ್ಲಿ ಮಹಿಳೆಯರಿಗೆ ಗುರುದೀಕ್ಷೆ ಕೊಡಲಾರಂಭಿಸಿ ದಶಕಗಳೇ ಕಳೆದಿವೆ. ಕ್ರಿಸ್ಮಸ್‌ಗೆ ಹೋಗಬೇಡಿ, ಆ ದಿನ ಕುಳಿತುಕೊಳ್ಳಲು ನಮಗೇ ಜಾಗ ಸಿಗುವುದಿಲ್ಲ. ಹಬ್ಬವಿಲ್ಲದ ಸಾದಾ ಭಾನುವಾರ ಆರಿಸಿಕೊಳ್ಳಿ, ಕರ್ತನ ಭೋಜನವಿರುವ ಭಾನುವಾರವಾದರೆ ಇನ್ನೂ ಒಳ್ಳೆಯದು. ನಮ್ಮ ಸಭೆಯಲ್ಲಿ ಅದು ತಿಂಗಳ ಮೊದಲನೆಯದು, ನಿಮ್ಮ ಸಹೋದ್ಯೋಗಿಯನ್ನು ಕೇಳಿ ಖಚಿತಪಡಿಸಿಕೊಳ್ಳಿ. ಸಮಾಧಾನ ನಿಮ್ಮ ಬೆಂಚಿಗೆ ಬಂದಾಗ ಹಿಂಜರಿಯದೆ ಬಲಗೈ ಚಾಚಿ, ಅದಕ್ಕೆ ದೀಕ್ಷೆಯ ನಿಬಂಧನೆಯಿಲ್ಲ. ನಂತರ ಹಿಂದಿನ ಬೆಂಚಿನತ್ತ ತಿರುಗಿ, ಅಲ್ಲಿರುವವರು ನಿಮ್ಮ ಕೈಗಾಗಿ ಕಾಯುತ್ತಿರುತ್ತಾರೆ.