ಲೇಖನಕ್ಕಿಂತ ನಿಮ್ಮ ಪತ್ರವೇ ಚೆನ್ನಾಗಿದೆ

ಬಳ್ಳಾರಿಯ ಗೆಳೆಯರಿಗೆ ಕೊಪ್ಪಳದಿಂದ ನಮಸ್ಕಾರ.

ನಿಮ್ಮ 'ಒಂದು ಪೌಂಡಿನ ಚಾಂಪಿಯನ್' ಲೇಖನ ತಲುಪಿತು. ಎರಡು ಸಲ ಓದಿದೆ. ಬ್ರಾನ್ ತಂಡದ ಬಿಜಿಪಿ 001 ಎಂಬ ಫಾರ್ಮುಲಾ ಒನ್ ಕಾರು 2009ರಲ್ಲಿ ಒಂದೇ ಒಂದು ವರ್ಷ ಓಡಿ, ಚಾಲಕರ ಪಟ್ಟ, ತಂಡದ ಪಟ್ಟ ಎರಡನ್ನೂ ಗೆದ್ದ ಕತೆ. ವಿಷಯ ನನಗೆ ಇಷ್ಟ. ಆದರೆ ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಸುತ್ತಿ ಬಳಸಿ ಹೇಳುವುದಕ್ಕಿಂತ ನೇರವಾಗಿ ಹೇಳಿಬಿಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲ ಎರಡು ಪುಟ ಹೊಡೆದುಹಾಕಿ. ಹಂಪಿಯ ಕಲ್ಲಿನ ರಥದಿಂದ ಶುರು ಮಾಡಿದ್ದೀರಿ. ನಮ್ಮ ಕಡೆಯಿಂದ ಬರುವ ಅರ್ಧ ಲೇಖನಗಳು ಅಲ್ಲಿಂದಲೇ ಹೊರಡುತ್ತವೆ, ವಿಷಯ ಕಾರಾಗಲಿ ಕಡಲೆ ಬೆಳೆಯಾಗಲಿ. ಆ ರಥ ನಿಂತ ಜಾಗ ಬಿಟ್ಟು ಕದಲಿದ್ದಿಲ್ಲ, ವೇಗದ ಲೇಖನಕ್ಕೆ ಅದು ಯಾಕೆ ಬೇಕು? ಅದಾದ ಮೇಲೆ 'ಮಾನವನಿಗೆ ಅನಾದಿಕಾಲದಿಂದಲೂ ವೇಗದ ವ್ಯಾಮೋಹ' ಅಂತ ಎರಡು ಪ್ಯಾರಾ. ಕಾರು ಬರುವುದು ಮೂರನೇ ಪುಟದಲ್ಲಿ. ಅಷ್ಟರಲ್ಲಿ ಓದುವವರು ಚಹಾ ಕುಡಿಯಲು ಎದ್ದು ಹೋಗಿರುತ್ತಾರೆ.

ಶುರು ಮಾಡಬೇಕಾದ ಸಂಗತಿಯನ್ನು ಆರನೇ ಪುಟದ ಕೊನೆಯಲ್ಲಿ ತುರುಕಿದ್ದೀರಿ. ಈ ತಂಡ ಮೊದಲು ಹೊಂಡಾ ಕಂಪನಿಯದು. 2008ರ ಡಿಸೆಂಬರ್‌ನಲ್ಲಿ ಹೊಂಡಾ ರೇಸಿನಿಂದ ಕೈತೊಳೆದುಕೊಂಡಿತು. ಮುಂದಿನ ವರ್ಷಕ್ಕೆ ಕಾರು ತಯಾರಾಗುತ್ತಿದೆ, ಎಂಜಿನ್ನೇ ಇಲ್ಲ. ಮರ್ಸಿಡಿಸ್ ಎಂಜಿನ್ ಸಿಕ್ಕಿತು, ಆದರೆ ಚಾಸಿಯ ಅಳತೆ ಬೇರೆ ಎಂಜಿನ್ನಿನದು. ಚಾಸಿಯ ಹಿಂಬದಿಯನ್ನೇ ಕೊಯ್ದು ಕೂರಿಸಿದರು. 2009ರ ಮಾರ್ಚ್ 6ರಂದು ಕಾರು ಮೊದಲ ಸಲ ಓಡಿತು. ಮಾರ್ಚ್ 29ರಂದು ಮೆಲ್ಬರ್ನ್ ರೇಸಿನಲ್ಲಿ ಬ್ರಾನ್ ಚಾಲಕ ಜೆನ್ಸನ್ ಬಟನ್ ಮೊದಲು, ಅದೇ ತಂಡದ ರೂಬೆನ್ಸ್ ಬ್ಯಾರಿಕೆಲ್ಲೊ ಎರಡನೆಯವರು. ನಡುವೆ 23 ದಿನ, ಅಷ್ಟೇ. ಟ್ರ್ಯಾಕ್ಟರ್ ಟ್ರೇಲರಿಗೆ ಬೇರೆ ಗಾಡಿಯ ಆಕ್ಸಲ್ ಕೂರಿಸಿದ ಯಾವ ವೆಲ್ಡರನ್ನಾದರೂ ಕೇಳಿ, ಇದರಲ್ಲಿ ಎಷ್ಟು ಕಷ್ಟ ಇದೆ ಅಂತ ಹೇಳುತ್ತಾರೆ. ಇಲ್ಲಿಂದ ಶುರು ಮಾಡಿ.

ಶೀರ್ಷಿಕೆಯ ಬಗ್ಗೆ ಒಂದು ತಕರಾರು. ಹೊಂಡಾ ತಂಡದ ಮುಖ್ಯಸ್ಥರಾಗಿದ್ದ ರಾಸ್ ಬ್ರಾನ್ ಅದೇ ತಂಡವನ್ನು ಒಂದು ಪೌಂಡಿಗೆ ಕೊಂಡದ್ದು ನಿಜ. ಆದರೆ ಅದನ್ನೇ ಹಿಡಿದುಕೊಂಡು 'ಬಡ ತಂಡದ ಗೆಲುವು' ಅಂತ ಹಾಡಿಬಿಟ್ಟಿದ್ದೀರಿ. 2008ರಲ್ಲಿ ಹೊಂಡಾ ತಂಡಕ್ಕೆ ಸಿಕ್ಕಿದ್ದು ಬರೀ 14 ಅಂಕ. ಯಾಕೆ? ಆ ವರ್ಷದ ಕಾರನ್ನು ಬೇಗನೆ ಕೈಬಿಟ್ಟು, ದುಡ್ಡು, ಜನ, ಹೊತ್ತು ಎಲ್ಲವನ್ನೂ 2009ರ ಕಾರಿಗೆ ಸುರಿದಿದ್ದರು. ಹೋಗುವಾಗ ಆ ವರ್ಷದ ಖರ್ಚಿಗೂ ಹೊಂಡಾ ಕೊಟ್ಟೇ ಹೋಯಿತು. ಸೋದರಮಾವ ಮನೆಯನ್ನು ಒಂದು ರೂಪಾಯಿಗೆ ಬರೆದುಕೊಟ್ಟು, ಮೇಲೆ ತಿಂಗಳ ಸಂತೆ ಖರ್ಚನ್ನೂ ಕೈಗಿಟ್ಟು ಹೋದ ಹಾಗೆ. ಅಂಥ ಅಳಿಯನನ್ನು ಬಡವ ಅಂತೀರಾ? ಬಡತನ ಬಂದದ್ದು ಆಮೇಲೆ. ನೂರಾರು ಜನರನ್ನು ಮನೆಗೆ ಕಳಿಸಿದರು. ಇಡೀ ವರ್ಷಕ್ಕೆ ಮೂರೇ ಚಾಸಿ. ಕಾರಿನ ಮೈಮೇಲೆ ಜಾಹೀರಾತೇ ಇಲ್ಲ ಅನ್ನುವಷ್ಟು ಬಿಳಿ. ಈ ಭಾಗವನ್ನು ನೀವು ಒಂದು ಸಾಲಿನಲ್ಲಿ ಮುಗಿಸಿದ್ದೀರಿ.

'ಮರ್ಸಿಡಿಸ್ ಎಂಜಿನ್ನಿನ ಶಕ್ತಿಯೇ ಗೆಲುವಿನ ಗುಟ್ಟು' ಅಂದಿದ್ದೀರಿ. ಅದೇ ಎಂಜಿನ್ ಮೆಕ್ಲಾರೆನ್ ತಂಡಕ್ಕೂ ಇತ್ತು, ಫೋರ್ಸ್ ಇಂಡಿಯಾ ತಂಡಕ್ಕೂ ಇತ್ತು. ಹಿಂದಿನ ವರ್ಷವಷ್ಟೇ ಚಾಂಪಿಯನ್ ಆಗಿದ್ದ ಮೆಕ್ಲಾರೆನ್ ಚಾಲಕ ಲೂಯಿಸ್ ಹ್ಯಾಮಿಲ್ಟನ್ ಅದೇ ಎಂಜಿನ್ ಇಟ್ಟುಕೊಂಡು ವರ್ಷದ ಮೊದಲರ್ಧ ಒದ್ದಾಡಿದರು. ಎಂಜಿನ್ ಒಂದರಿಂದಲೇ ಆಗಿದ್ದರೆ ಅವರೇ ಗೆಲ್ಲಬೇಕಿತ್ತು, ಅಲ್ವಾ? (ಫೋರ್ಸ್ ಇಂಡಿಯಾ ಅಂದೆನಲ್ಲ, ಬೆಲ್ಜಿಯಂನಲ್ಲಿ ಅದರ ಚಾಲಕ ಫಿಸಿಕೆಲ್ಲಾ ಎರಡನೆಯವರಾಗಿ ಬಂದದ್ದರ ಮೇಲೆ ನೀವು ಬರೆದ ಒಂದೂವರೆ ಪುಟ ತೆಗೆಯಿರಿ. ಅದು ಇನ್ನೊಂದು ಲೇಖನ.)

ಈಗ ನನಗೆ ನಿಜಕ್ಕೂ ಸಿಟ್ಟು ಬಂದ ಸಾಲು: 'ದ್ವಿಸ್ತರ ವಿಸರಣ ಸಾಧನದಿಂದ ಜನಿತವಾದ ಅಧೋಬಲವು ವಾಹನದ ಸ್ಥಿರತೆಯನ್ನು ವರ್ಧಿಸಿತು.' ಯಾರಿಗೆ ಬರೆದದ್ದು ಇದು? ಡಬಲ್ ಡಿಫ್ಯೂಸರ್ ಅಂತಲೇ ಬರೆಯಿರಿ, ಬರೆದು ಬಿಡಿಸಿ ಹೇಳಿ. ನೀವು ಹೊಸಪೇಟೆ ರಸ್ತೆಯಲ್ಲಿ ದಿನಾ ಸ್ಕೂಟರ್ ಓಡಿಸುವವರು. ಅದಿರು ಲಾರಿ ಪಕ್ಕದಲ್ಲೇ ರೊಯ್ಯನೆ ದಾಟುವಾಗ ಸ್ಕೂಟರ್ ಲಾರಿ ಕಡೆಗೇ ಎಳೆದಂತಾಗುತ್ತದೆ. ನಡುವಿನ ಸಂದಿನಲ್ಲಿ ಗಾಳಿ ಜೋರಾಗಿ ನುಗ್ಗಿ, ಅಲ್ಲಿ ಒತ್ತಡ ಕಡಿಮೆಯಾಗುವುದೂ ಅದಕ್ಕೆ ಕಾರಣ. ಅದೇ ಕೆಲಸವನ್ನು ಕಾರಿನ ತಳಕ್ಕೂ ರಸ್ತೆಗೂ ನಡುವೆ ಮಾಡಿದರೆ ಕಾರು ನೆಲವನ್ನು ಕಚ್ಚಿಕೊಳ್ಳುತ್ತದೆ. ಹಿಂಬದಿಯಲ್ಲಿ ತಳ ಮೇಲಕ್ಕೆ ತೆರೆದುಕೊಳ್ಳುತ್ತಾ ಹೋಗುವ ಭಾಗವೇ ಡಿಫ್ಯೂಸರ್. ಅದು ದೊಡ್ಡದಾದಷ್ಟೂ ತಳದ ಗಾಳಿಗೆ ಓಟ ಜಾಸ್ತಿ. 2009ರ ಹೊಸ ನಿಯಮ ಅದನ್ನು ಚಿಕ್ಕದು ಮಾಡಿಸಿತು. ಬ್ರಾನ್ ತಂಡದವರು ನಿಯಮದ ಮಾತುಗಳಲ್ಲೇ ಸಂದು ಹುಡುಕಿ, ತಳದಲ್ಲಿ ಕಿಂಡಿ ಬಿಟ್ಟು, ಮೇಲೆ ಇನ್ನೊಂದು ದಾರಿ ಮಾಡಿದರು. ಟೊಯೊಟಾ, ವಿಲಿಯಮ್ಸ್ ಕೂಡ ಇದನ್ನೇ ಮಾಡಿದ್ದವು. ಬೇರೆ ತಂಡಗಳು ದೂರು ಕೊಟ್ಟವು. ಏಪ್ರಿಲ್ 15ರಂದು ಮೇಲ್ಮನವಿ ಕೋರ್ಟು ತಪ್ಪಿಲ್ಲ ಅಂದಿತು. ಮಿಕ್ಕವರೂ ಅದನ್ನು ಮಾಡಿಸಿಕೊಳ್ಳಲು ಓಡಿದರು. ಲಾರಿಯ ಮಾತು ಬರೆಯಲು ನಾಚಿಕೆ ಆಯಿತಾ? ಓದುವವರಿಗೆ ಮೈಮೇಲೆ ಗಾಳಿ ಬಂದ ಹಾಗಾಗುವುದು ಅದರಿಂದಲೇ.

ಲೆಕ್ಕದಲ್ಲಿ ಒಂದು ತಪ್ಪಿದೆ. ಬಟನ್ ಅವರ ಒಟ್ಟು ಅಂಕ 95 ಅಂತ ಸರಿಯಾಗಿಯೇ ಬರೆದಿದ್ದೀರಿ. ಆದರೆ ನಿಮ್ಮ ಪಟ್ಟಿಯನ್ನು ಕೂಡಿಸಿದರೆ 100 ಬರುತ್ತದೆ. ನಾನು ಪೆನ್ನು ಹಿಡಿದು ಎರಡು ಸಲ ಕೂಡಿಸಿದೆ. ಮಲೇಷ್ಯಾದ ಗೆಲುವಿಗೆ 10 ಹಾಕಿದ್ದೀರಿ. ಅಲ್ಲಿ ಮಳೆ ಬಂದು, 56 ಸುತ್ತಿನ ರೇಸು 31 ಸುತ್ತಿನ ಲೆಕ್ಕಕ್ಕೆ ಮುಗಿದು, ಅರ್ಧ ಅಂಕ ಕೊಟ್ಟರು. ಬಟನ್‌ಗೆ ಸಿಕ್ಕಿದ್ದು 5. ಇದು ತಪ್ಪಿಗಿಂತ ಹೆಚ್ಚಾಗಿ ನಷ್ಟ. ಗೆದ್ದರೂ ಅರ್ಧವೇ ಸಿಕ್ಕ ಒಂದು ಸಂಜೆಯ ಕತೆ ನಿಮ್ಮ ಕೈಯಿಂದ ಜಾರಿಹೋಗಿದೆ.

ಇನ್ನು ಮುಖ್ಯವಾದದ್ದು. ಲೇಖನದ ಜೊತೆಗೆ ಅರ್ಧ ಪುಟದ ಪತ್ರ ಇಟ್ಟಿದ್ದಿರಿ. ಅದರಲ್ಲಿ ಸುಮ್ನೆ ಪರಿಚಯಕ್ಕೆ ಅಂತ ಬರೆದದ್ದು: ನಿಮ್ಮದು ಟೈರ್ ಅಂಗಡಿ. ಮೇ ತಿಂಗಳ ಮಧ್ಯಾಹ್ನ ಲಾರಿ ಬಂದು ನಿಂತರೆ ನಿಮ್ಮ ತಂದೆಯವರು ಮೀಟರ್ ಮುಟ್ಟುವುದಿಲ್ಲ. ಮೊದಲು ಅಂಗೈ ಮಗುಚಿ ಟೈರಿಗೆ ತಾಗಿಸುತ್ತಾರೆ. 'ಇನ್ನೂ ಕಾದೈತಿ, ಚಾ ಕುಡ್ದು ಬಾ' ಅಂತ ಡ್ರೈವರನ್ನು ಕಳಿಸುತ್ತಾರೆ. ಟೈರು ತಣ್ಣಗಾದ ಮೇಲೆಯೇ ಗಾಳಿ ನೋಡುವುದು. ಹತ್ತು ಪುಟದ ಲೇಖನದಲ್ಲಿ ಇಷ್ಟು ಜೀವ ಇರುವ ಒಂದು ಸಾಲೂ ಇಲ್ಲ.

ನಿಮ್ಮ ಕಾರಿನ ಕತೆ ನಿಂತಿರುವುದೂ ಟೈರಿನ ಮೇಲೆಯೇ. ಮೊದಲ ಏಳು ರೇಸಿನಲ್ಲಿ ಬಟನ್ ಆರು ಗೆದ್ದರು, ಅವರಿಗೆ 61 ಅಂಕ. ಉಳಿದ ಹತ್ತು ರೇಸಿನಲ್ಲಿ ಒಂದೂ ಗೆಲ್ಲಲಿಲ್ಲ, ಬರೀ 34 ಅಂಕ. ನೀವು ಇದಕ್ಕೆ 'ಅದೃಷ್ಟ ಕೈಕೊಟ್ಟಿತು' ಅಂತ ಬರೆದಿದ್ದೀರಿ. ಅದೃಷ್ಟ ಅಲ್ಲ ಮಾರಾಯರೇ, ತಂಪು! ಆ ಕಾರು ಟೈರಿನ ಮೇಲೆ ಮೃದು, ಬಟನ್ ಓಡಿಸುವ ರೀತಿ ಅದಕ್ಕಿಂತ ಮೃದು. ಬಹ್ರೇನ್‌ನಂಥ ಸುಡುವ ಊರಲ್ಲಿ ಅದು ವರ. ಜೂನ್‌ನಲ್ಲಿ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ಗೆ ಬಂದರು, ಹವೆ ತಣ್ಣಗಿತ್ತು. ಟೈರು ಕಾಯಲೇ ಇಲ್ಲ, ಕಾಯದ ಟೈರು ರಸ್ತೆ ಹಿಡಿಯಲಿಲ್ಲ. ತವರಿನ ರೇಸಿನಲ್ಲಿ ಬಟನ್ ಆರನೆಯವರಾದರು, ಎದುರಾಳಿ ರೆಡ್ ಬುಲ್ ತಂಡದ ಕಾರುಗಳು ಮೊದಲೆರಡು ಜಾಗ ಹೊಡೆದವು. ಆಗಸ್ಟ್‌ನಲ್ಲಿ ಸ್ಪೇನಿನ ವೆಲೆನ್ಸಿಯಾದ ಬಿಸಿಲಿಗೆ ಹೋದದ್ದೇ ತಡ, ಬ್ಯಾರಿಕೆಲ್ಲೊ ಗೆದ್ದರು. ಬೇರೆಯವರೂ ಡಿಫ್ಯೂಸರ್ ಮಾಡಿಕೊಂಡದ್ದು, ಕಾರು ಸುಧಾರಿಸಲು ಇವರ ಬಳಿ ದುಡ್ಡಿಲ್ಲದ್ದು, ಇವೂ ಇವೆ. ಆದರೆ ನಿಮ್ಮ ಕೈಗೆ ಗೊತ್ತಿರುವುದು ಟೈರು.

ಗಮ್ಮತ್ತು ನೋಡಿ. ನಿಮ್ಮ ಅಂಗಡಿಯಲ್ಲಿ ಬಿಸಿ ಅಂದರೆ ಶತ್ರು, ನುಣ್ಣಗಾದ ಟೈರು ಅಂದರೆ ಮೂಲೆಗೆ. ಫಾರ್ಮುಲಾ ಒನ್‌ನಲ್ಲಿ ಒಣ ರಸ್ತೆಗೆ ಹಾಕುವ ಹೊಸ ಟೈರೇ ಒಂದು ಗೀರೂ ಇಲ್ಲದೆ ನುಣ್ಣಗೆ. ಗೀರಿನ ಟೈರು ಬಿಟ್ಟು ನುಣ್ಣನೆಯದು ಮರಳಿ ಬಂದದ್ದೂ ಅದೇ 2009ರಲ್ಲಿ. ಹೊರಡುವ ಮುಂಚೆ ಅದಕ್ಕೆ ಬಿಸಿ ಹೊದಿಕೆ ಸುತ್ತಿ ಕಾಯಿಸುತ್ತಾರೆ. ಬಳ್ಳಾರಿಯ ಬೇಸಿಗೆಯಲ್ಲಿ ಟೈರಿಗೆ ಕಂಬಳಿ ಹೊದಿಸುವ ಮಾತು ತೆಗೆದರೆ ನಿಮ್ಮ ಗಿರಾಕಿಗಳು ಏನಂತಾರೆ? ಅದನ್ನೂ ಬರೆಯಿರಿ.

ಕೊನೆಯಲ್ಲಿ ಬ್ರೆಜಿಲ್ ರೇಸಿಗೆ 'ಭವ್ಯ ವಿಜಯ' ಅಂದಿದ್ದೀರಿ. ವಿಜಯ ಎಲ್ಲಿ ಬಂತು? 14ನೇ ಜಾಗದಿಂದ ಹೊರಟು, ಒಬ್ಬೊಬ್ಬರನ್ನೇ ದಾಟಿ, ಐದನೆಯವರಾಗಿ ಬಂದು, ವರ್ಷದ ಒಟ್ಟು ಅಂಕದ ಮೇಲೆ ಬಟನ್ ಚಾಂಪಿಯನ್ ಆದರು. ರೇಸು ಗೆದ್ದದ್ದು ರೆಡ್ ಬುಲ್‌ನ ಮಾರ್ಕ್ ವೆಬರ್. ಇದ್ದದ್ದು ಇದ್ದ ಹಾಗೆ ಬರೆದರೆ ಭವ್ಯಕ್ಕಿಂತ ಚೆನ್ನಾಗಿರುತ್ತದೆ. ಅಂಕಪಟ್ಟಿ ಪೂರ್ತಿ ತೆಗೆಯಿರಿ, ಫೋಟೊ ನಾವು ನೋಡಿಕೊಳ್ಳುತ್ತೇವೆ.

ಐದು ಪುಟ ಸಾಕು. ಬರೆಯುವ ಮುಂಚೆ ಒಂದು ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ನಿಮ್ಮ ತಂದೆಯವರಿಗೆ ಸಿಲ್ವರ್‌ಸ್ಟೋನ್ ಕತೆ ಹೇಳಿ. ಕಾಯದೇ ಸೋತ ಟೈರಿನ ಬಗ್ಗೆ ಅವರು ಏನಂತಾರೋ ಅದನ್ನು ಅವರ ಮಾತಿನಲ್ಲೇ ಬರೆದು ಕಳಿಸಿ. ಆ ಸಾಲನ್ನು ನಾನು ತಿದ್ದುವುದಿಲ್ಲ.